‘25 ಪಟ್ಟು ವೇಗ’ ಯಾರದು? ಕೋಲಾರದ ಟೊಮೆಟೊ ಮಂಡಿಯ ಒಂದು ಪ್ರಕರಣ

ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆ ಏಷ್ಯಾದಲ್ಲೇ ಎರಡನೇ ದೊಡ್ಡದು ಎಂದು ಹೆಸರಾಗಿದೆ. ಇಲ್ಲಿ ಲೆಕ್ಕವೆಲ್ಲ 15 ಕೆಜಿ ಬಾಕ್ಸಿನ ಮೇಲೆ. 2023ರ ಜುಲೈನಲ್ಲಿ ಆ ಬಾಕ್ಸ್ 2,000 ರೂಪಾಯಿ ದಾಟಿತ್ತು. ದರ ಬಿದ್ದ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆ ಬದಿ ಸುರಿದು ಹೋಗಿದ್ದಾರೆ. ಹಾಗಾಗಿ ಹರಾಜು ಮುಗಿದ ಮೇಲೆ ಕೈಗೆ ಬರುವ ಪಟ್ಟಿಗೆ ರೈತರು ಎಷ್ಟು ಹೊತ್ತಾದರೂ ಕಾಯುತ್ತಾರೆ. ಎಷ್ಟು ಬಾಕ್ಸ್, ಯಾವ ಲಾಟಿಗೆ ಯಾವ ದರ, ಮುಂಗಡಕ್ಕೆ ಎಷ್ಟು ಹಿಡಿದರು, ಖಾಲಿ ಬಾಕ್ಸ್ ಎಷ್ಟು ವಾಪಸ್ ಬರಬೇಕು, ಎಲ್ಲ ಅದರಲ್ಲೇ ಇರುತ್ತದೆ.

ಈ ಪ್ರಕರಣ ಅಂಥ ಒಂದು ಮಂಡಿಯದ್ದು. ಹೆಸರು ಬೇಡ ಎಂದಿದ್ದಾರೆ, ಹೇಳುವುದಿಲ್ಲ. ಅವರಿಗೆ ಪಟ್ಟಿ ಮಾಡುವ ಸಾಫ್ಟ್‌ವೇರ್ ಬರೆದುಕೊಟ್ಟವರು ಊರಿನವರೇ ಇಬ್ಬರು. ಒಬ್ಬರು ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ವಾಪಸ್ ಬಂದ ಹಿರಿಯ ಡೆವಲಪರ್. ಇನ್ನೊಬ್ಬ ಇತ್ತೀಚೆಗೆ ಇಂಜಿನಿಯರಿಂಗ್ ಮುಗಿಸಿದ ಹುಡುಗ. ಅವನು ಅವರನ್ನು ಅಕ್ಕ ಎಂದೇ ಕರೆಯುತ್ತಾನೆ. ಸಾಫ್ಟ್‌ವೇರ್ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿತ್ತು, ಲೆಕ್ಕವೆಲ್ಲ ಎಸ್‌ಕ್ಯುಲೈಟ್ ಡೇಟಾಬೇಸ್‌ನಲ್ಲಿ. ಮಂಡಿಯ ಒಳಗಿನ ಒಂದು ಹಳೇ ಡೆಸ್ಕ್‌ಟಾಪ್ ಮೇಲೆ ಅದು ಓಡುತ್ತಿತ್ತು. ಎರಡು ಕೌಂಟರ್‌ಗಳಿಂದ ಗುಮಾಸ್ತರು ಅದನ್ನೇ ಬಳಸುತ್ತಿದ್ದರು.

ಸೀಸನ್ ಶುರುವಾದಾಗ ಎಲ್ಲ ಸರಿಯಿತ್ತು. ಹಣ್ಣು ಜಾಸ್ತಿಯಾದಂತೆ ಪಟ್ಟಿ ಬರುವುದು ತಡವಾಗತೊಡಗಿತು. ಎರಡೂ ಕೌಂಟರ್ ಒಟ್ಟಿಗೆ ನಡೆಯುವ ಹೊತ್ತಿಗಂತೂ ಗುಮಾಸ್ತರು ಬಟನ್ ಒತ್ತಿ ಸುಮ್ನೆ ಕೂತಿರಬೇಕು. ರೈತರ ಸಾಲು ಬಾಗಿಲಾಚೆ ಹೋಗುತ್ತಿತ್ತು. ಹಿಂದಿರುಗುವ ಟೆಂಪೊದವರು ಹಾರ್ನ್ ಹೊಡೆಯುತ್ತಿದ್ದರು.

ಹುಡುಗ ಆಗ ಒಂದು ಟೇಬಲ್ ತಂದ. ಭಾಷೆಗಳ ವೇಗದ ಟೇಬಲ್. ಅದರಲ್ಲಿ ಸಿ ಭಾಷೆಗೆ 1.00, ಗೋ ಭಾಷೆಗೆ 2.83, ಪೈಥಾನ್‌ಗೆ 71.90. ಅಂದರೆ ಸಿ ಒಂದು ಸೆಕೆಂಡಿನಲ್ಲಿ ಮಾಡಿದ್ದನ್ನು ಮಾಡಲು ಪೈಥಾನ್‌ಗೆ 72 ಸೆಕೆಂಡ್ ಬೇಕು. ಗೋ ಪೈಥಾನ್‌ಗಿಂತ ಸುಮಾರು 25 ಪಟ್ಟು ವೇಗ. ಎಲ್ಲವನ್ನೂ ಗೋನಲ್ಲಿ ಹೊಸದಾಗಿ ಬರೆಯೋಣ ಎಂದ. ಮಂಡಿ ಮಾಲೀಕರು ಕೇಳಿಸಿಕೊಂಡದ್ದು ‘25 ಪಟ್ಟು’ ಎಂಬ ಮಾತನ್ನು ಮಾತ್ರ. “ಇಷ್ಟು ಫಾಸ್ಟ್ ಆಗುತ್ತೆ ಅಂದ್ರೆ ಇನ್ನೇನಪ್ಪಾ ಯೋಚನೆ, ಮಾಡ್ಬಿಡ್ರಪ್ಪಾ” ಎಂದರು. ಹಿರಿಯರು ಒಪ್ಪಲಿಲ್ಲ. ಈ ಬೆಂಚ್‌ಮಾರ್ಕ್‌ಗಳೆಲ್ಲ, ಅಂದರೆ ವೇಗ ಅಳೆಯುವ ಪರೀಕ್ಷೆಗಳೆಲ್ಲ, ನಂಬುವ ಮಾತಲ್ಲ, ನಿಜವಾದ ಕೆಲಸಕ್ಕೂ ಅವಕ್ಕೂ ಸಂಬಂಧವಿಲ್ಲ ಎಂದರು. ವಾದ ಬಗೆಹರಿಯಲಿಲ್ಲ. ನನ್ನನ್ನು ಕರೆದದ್ದು ಆಗ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಬ್ಬರೂ ತಪ್ಪು. ಟೇಬಲ್‌ನಲ್ಲಿರುವ ಅಂಕಿ ಸುಳ್ಳಲ್ಲ, ಅದನ್ನು ತಳ್ಳಿಹಾಕಬಾರದು. ಆದರೆ ಆ ಅಂಕಿ ಭಾಷೆಯದ್ದಲ್ಲ, ಆ ಭಾಷೆಯಲ್ಲಿ ಯಾರೋ ಬರೆದ ಒಂದು ಪ್ರೋಗ್ರಾಮ್‌ನದ್ದು. ನಿಮ್ಮ ಕೆಲಸದ ಯಾವ ಭಾಗ ಆ ಪ್ರೋಗ್ರಾಮ್‌ನಂತಿದೆ ಎಂದು ಗೊತ್ತಾದರೆ ಬೆಂಚ್‌ಮಾರ್ಕ್‌ನಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ. ಗೊತ್ತಿಲ್ಲದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಟೇಬಲ್‌ನೊಳಗೆ ಏನಿದೆ

ಆ ಟೇಬಲ್ 2017ರಲ್ಲಿ ಪೋರ್ಚುಗಲ್‌ನ ಸಂಶೋಧಕರು ಪ್ರಕಟಿಸಿದ್ದು. 27 ಭಾಷೆಗಳು ಎಷ್ಟು ವಿದ್ಯುತ್ ತಿನ್ನುತ್ತವೆ, ಎಷ್ಟು ಸಮಯ ತಗೊಳ್ಳುತ್ತವೆ ಎಂದು ಅಳೆದಿದ್ದರು. ಅಳೆಯಲು ಬಳಸಿದ ಪ್ರೋಗ್ರಾಮ್‌ಗಳು ‘ಕಂಪ್ಯೂಟರ್ ಲ್ಯಾಂಗ್ವೇಜ್ ಬೆಂಚ್‌ಮಾರ್ಕ್ಸ್ ಗೇಮ್’ ಎಂಬ ಸಂಗ್ರಹದವು. ಒಂದೇ ಸಮಸ್ಯೆಗೆ ಬೇರೆ ಬೇರೆ ಭಾಷೆಗಳಲ್ಲಿ ಜನ ಬರೆದು ಕಳಿಸಿದ ಪ್ರೋಗ್ರಾಮ್‌ಗಳು ಅಲ್ಲಿವೆ.

ಮೂವರೂ ಕೂತು ಆ ಸಮಸ್ಯೆಗಳನ್ನು ಒಂದೊಂದಾಗಿ ನೋಡಿದೆವು. ಒಂದರಲ್ಲಿ ಸೂರ್ಯನ ಸುತ್ತ ಗುರು, ಶನಿ, ಯುರೇನಸ್, ನೆಪ್ಚೂನ್ ಹೇಗೆ ಚಲಿಸುತ್ತವೆ ಎಂದು 5 ಕೋಟಿ ಹೆಜ್ಜೆ ಲೆಕ್ಕ ಹಾಕಬೇಕು. ಇನ್ನೊಂದರಲ್ಲಿ ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತದ ಚಿತ್ರ ಬಿಡಿಸಬೇಕು. ಮತ್ತೊಂದರಲ್ಲಿ ಮರದಂತೆ ಕವಲೊಡೆಯುವ ಲಕ್ಷಗಟ್ಟಲೆ ಸಣ್ಣ ರಚನೆಗಳನ್ನು ಮೆಮೊರಿಯಲ್ಲಿ ಕಟ್ಟಿ ಕೆಡವಬೇಕು. ಬಹುಪಾಲು ಪ್ರೊಸೆಸರ್‌ನ ಕೆಲಸ. ಡಿಸ್ಕ್‌ಗಾಗಿ ಕಾಯುವುದಿಲ್ಲ, ಡೇಟಾಬೇಸ್ ಇಲ್ಲ, ಪ್ರಿಂಟರ್ ಇಲ್ಲ, ಎರಡು ಕೌಂಟರ್‌ನ ಗಲಾಟೆ ಇಲ್ಲ.

ಇಂಥ ಕೆಲಸದಲ್ಲಿ ಪೈಥಾನ್ ಹಿಂದೆ ಬೀಳಲು ಗಟ್ಟಿ ಕಾರಣವಿದೆ. ನಾವು ಸಾಮಾನ್ಯವಾಗಿ ಬಳಸುವ ಪೈಥಾನ್ ನಮ್ಮ ಪ್ರೋಗ್ರಾಮನ್ನು ಬೈಟ್‌ಕೋಡ್ ಎಂಬ ನಡುವಿನ ರೂಪಕ್ಕೆ ತಂದುಕೊಂಡು ಒಂದೊಂದೇ ಹೆಜ್ಜೆ ಓದಿ ನಡೆಸುತ್ತದೆ. ಅದಕ್ಕೆ ಪ್ರತಿ ಸಂಖ್ಯೆಯೂ ಒಂದು ಆಬ್ಜೆಕ್ಟ್. ಎರಡನ್ನು ಕೂಡಿಸುವ ಮೊದಲು ಇದು ಸಂಖ್ಯೆಯೋ ಪದವೋ ಎಂದು ಪ್ರತಿ ಸಲ ನೋಡಬೇಕು. ಗೋ ಅಥವಾ ಸಿ ಇದನ್ನೆಲ್ಲ ಕಂಪೈಲ್ ಮಾಡುವಾಗಲೇ, ಅಂದರೆ ಓಡಿಸುವ ಮೊದಲೇ, ತೀರ್ಮಾನಿಸಿ ನೇರ ಯಂತ್ರದ ಆದೇಶವಾಗಿಸುತ್ತವೆ. 5 ಕೋಟಿ ಸಲ ಸುತ್ತುವ ಲೂಪ್‌ನಲ್ಲಿ ಆ ವ್ಯತ್ಯಾಸ ಹತ್ತಾರು ಪಟ್ಟಾಗುವುದು ಸಹಜ.

ಆದರೆ ಅದೇ ಸಂಗ್ರಹದಲ್ಲಿ π ಅಂಕಿಗಳನ್ನು ಒಂದರ ಹಿಂದೊಂದು ತೆಗೆಯುವ ಸಮಸ್ಯೆಯೂ ಇದೆ. ಅಲ್ಲಿ ದೊಡ್ಡ ದೊಡ್ಡ ಸಂಖ್ಯೆಗಳ ಗುಣಾಕಾರವೇ ಮುಖ್ಯ. ಹಲವು ಭಾಷೆಗಳು ಆ ಗುಣಾಕಾರವನ್ನು ಜಿಎಂಪಿ ಎಂಬ ಒಂದೇ ಲೈಬ್ರರಿಗೆ, ಅಂದರೆ ಮೊದಲೇ ಬರೆದಿಟ್ಟ ಪ್ರೋಗ್ರಾಮ್‌ಗಳ ಕಟ್ಟಿಗೆ, ಒಪ್ಪಿಸುತ್ತವೆ. ಹಾಗೆ ಒಪ್ಪಿಸಿದಾಗ ಪೈಥಾನ್‌ಗೂ ಸಿಗೂ ನಡುವಿನ ಅಂತರ ಬಹಳ ಕಡಿಮೆಯಾಗಿಬಿಡುತ್ತದೆ. ಹಿರಿಯರು ಇದನ್ನು ನೋಡಿ, “ಅಂದ್ರೆ 72 ಅನ್ನೋದು ಸರಾಸರಿ ಅಷ್ಟೇ, ಅಲ್ವಾ?” ಎಂದರು. ಹೌದು. ಒಂದು ಕಡೆ ನೂರರ ಹತ್ತಿರ, ಇನ್ನೊಂದು ಕಡೆ ಒಂದೆರಡು. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಬರುವ ಅಂಕಿ ಎರಡರಲ್ಲಿ ಯಾವ ಕೆಲಸಕ್ಕೂ ಹೊಂದುವುದಿಲ್ಲ.

ಅದೇ ಟೇಬಲ್‌ನಲ್ಲಿ ಇನ್ನೊಂದು ಸಾಲನ್ನು ನಾನು ಹುಡುಗನಿಗೆ ತೋರಿಸಿದೆ. ಜಾವಾಸ್ಕ್ರಿಪ್ಟ್ 6.52, ಟೈಪ್‌ಸ್ಕ್ರಿಪ್ಟ್ 46.20. ಟೈಪ್‌ಸ್ಕ್ರಿಪ್ಟ್ ಎಂದರೇನು? ಟೈಪ್‌ಗಳನ್ನು ಪರೀಕ್ಷೆ ಮಾಡಿ, ಆಮೇಲೆ ಅವನ್ನು ತೆಗೆದುಹಾಕಿ ಜಾವಾಸ್ಕ್ರಿಪ್ಟ್ ಆಗುವ ಭಾಷೆ. ಓಡುವುದು ಕೊನೆಗೆ ಜಾವಾಸ್ಕ್ರಿಪ್ಟೇ. ಹಾಗಿದ್ದ ಮೇಲೆ ಏಳು ಪಟ್ಟು ನಿಧಾನ ಹೇಗಾಯಿತು? ಎರಡು ಭಾಷೆಗೂ ಇದ್ದ ಪ್ರೋಗ್ರಾಮ್‌ಗಳೇ ಬೇರೆ ಬೇರೆ ರೀತಿ ಬರೆದಿದ್ದವು. ಒಂದು ಸಮಸ್ಯೆಯಲ್ಲಿ ಬಂದ ಭಾರಿ ವ್ಯತ್ಯಾಸ ಸರಾಸರಿಯನ್ನೇ ಎಳೆದುಕೊಂಡು ಹೋಗಿತ್ತು. ಸಂಶೋಧಕರು ಅಳೆದದ್ದರಲ್ಲಿ ಮೋಸವಿಲ್ಲ. ಅಳತೆ ಪ್ರೋಗ್ರಾಮ್‌ನದ್ದು, ನಾವು ಓದಿಕೊಂಡದ್ದು ಭಾಷೆಯದ್ದು ಎಂದು.

ಇದು ಹೊಸ ತಿಳಿವಳಿಕೆಯೇನಲ್ಲ. 2000ನೇ ಇಸವಿಯಲ್ಲೇ ಲುಟ್ಸ್ ಪ್ರೆಷೆಲ್ಟ್ ಎಂಬ ಜರ್ಮನ್ ಸಂಶೋಧಕರು ಒಂದೇ ಸಮಸ್ಯೆಗೆ ಏಳು ಭಾಷೆಗಳಲ್ಲಿ ಬರೆದ 80 ಪ್ರೋಗ್ರಾಮ್‌ಗಳನ್ನು ಹೋಲಿಸಿದ್ದರು. ಭಾಷೆ ಭಾಷೆಯ ನಡುವಿನ ವ್ಯತ್ಯಾಸಕ್ಕಿಂತ, ಒಂದೇ ಭಾಷೆಯಲ್ಲಿ ಬರೆದ ಇಬ್ಬರ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ಜಾಸ್ತಿ ಎಂದು ಕಂಡಿತು. ನನ್ನ ಪ್ರಕಾರ ಭಾಷೆಗಳ ಹೋಲಿಕೆ ಬಗ್ಗೆ ಬಂದ ಕೆಲಸಗಳಲ್ಲಿ ಎಲ್ಲರೂ ಮೊದಲು ಓದಬೇಕಾದದ್ದು ಇದೇ.

ಇನ್ನೂ ಒಂದು ಮಾತು. ಪೈಥಾನ್ ಎಂಬ ಭಾಷೆಗೆ ಒಂದೇ ವೇಗವೂ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಬಂದ 3.11 ಆವೃತ್ತಿ ಅದರ ಹಿಂದಿನದಕ್ಕಿಂತ ಸರಾಸರಿ 1.25 ಪಟ್ಟು ವೇಗ ಎಂದು ಪೈಥಾನ್ ತಂಡವೇ ಪ್ರಕಟಿಸಿತು. ಪೈಪೈ ಎಂಬ ಇನ್ನೊಂದು ಅಳವಡಿಕೆ ಅದೇ ಪೈಥಾನ್ ಪ್ರೋಗ್ರಾಮನ್ನು ಓಡುವಾಗಲೇ ಯಂತ್ರದ ಆದೇಶವಾಗಿ ಬದಲಿಸುತ್ತದೆ. 2017ರ ಅಂಕಿ ಆ ವರ್ಷದ ಆವೃತ್ತಿಯದ್ದು.

ಹುಡುಗನ ಮಾದರಿ

ಹುಡುಗ ಇದನ್ನೆಲ್ಲ ಕೇಳಿ ಸುಮ್ಮನಾಗಲಿಲ್ಲ. ಅದು ನನಗೆ ಹಿಡಿಸಿತು. “ಅಕ್ಕಾ, ಟೇಬಲ್ ಬಿಡಿ. ನಮ್ಮದೇ ಪಟ್ಟಿ ಗೋನಲ್ಲಿ ಬರೆದು ತೋರಿಸ್ತೀನಿ” ಎಂದ. ಬರೆದ. ಲಾಟ್‌ಗಳನ್ನು ಸೇರಿಸಿ, ಮುಂಗಡ ಕಳೆದು, ಪಟ್ಟಿ ಉಳಿಸುವಷ್ಟು ಭಾಗ. ಅವನ ಲ್ಯಾಪ್‌ಟಾಪ್‌ನಲ್ಲಿ ಬಟನ್ ಒತ್ತಿದ ಕೂಡಲೇ ಪಟ್ಟಿ ಬಂತು. ಮಂಡಿಯ ಡೆಸ್ಕ್‌ಟಾಪ್‌ನಲ್ಲಿ ಪೈಥಾನ್ ಇನ್ನೂ ಯೋಚನೆ ಮಾಡುತ್ತಲೇ ಇತ್ತು. ಮಾಲೀಕರು ಅಲ್ಲೇ ನಿಂತಿದ್ದರು. ಅವರ ಮಟ್ಟಿಗೆ ಕೇಸು ಮುಗಿದಿತ್ತು.

ಇಲ್ಲಿ ನಾವು ಏನೇನು ಬದಲಾಗಿದೆ ಎಂದು ಎಣಿಸಿದೆವು. ಭಾಷೆ ಬದಲಾಗಿತ್ತು, ಸರಿ. ಯಂತ್ರವೂ ಬದಲಾಗಿತ್ತು. ಡೆಸ್ಕ್‌ಟಾಪ್‌ನಲ್ಲಿ ತಿರುಗುವ ಹಾರ್ಡ್ ಡಿಸ್ಕ್, ಲ್ಯಾಪ್‌ಟಾಪ್‌ನಲ್ಲಿ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ. ಡೇಟಾ ಬದಲಾಗಿತ್ತು. ಒಂದರಲ್ಲಿ ಇಡೀ ಸೀಸನ್‌ನ ಲೆಕ್ಕ, ಇನ್ನೊಂದರಲ್ಲಿ ಪರೀಕ್ಷೆಗೆಂದು ಹಾಕಿದ ನಾಲ್ಕಾರು ಹೆಸರು. ಕೌಂಟರ್ ಎರಡರ ಬದಲು ಒಂದು. ಕೊನೆಯದು ಎಲ್ಲಕ್ಕಿಂತ ಮುಖ್ಯ: ಬರೆದ ರೀತಿಯೇ ಬದಲಾಗಿತ್ತು. ಹಳೇ ಪೈಥಾನ್ ಪ್ರೋಗ್ರಾಮ್ ಪ್ರತಿ ಸಾಲನ್ನೂ ಡೇಟಾಬೇಸ್‌ಗೆ ಬರೆದು ಆಗಲೇ ಕಮಿಟ್ ಮಾಡುತ್ತಿತ್ತು. ಹುಡುಗನ ಗೋ ಪ್ರೋಗ್ರಾಮ್ ಒಂದು ಪಟ್ಟಿಯ ಎಲ್ಲ ಸಾಲುಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಒಟ್ಟಿಗೆ ಉಳಿಸುವ ಒಂದೇ ಕಂತಿನಲ್ಲಿ, ಹಾಕಿ ಕೊನೆಗೆ ಒಮ್ಮೆ ಕಮಿಟ್ ಮಾಡುತ್ತಿತ್ತು. ಅವನು ಅದನ್ನು ಬೇಕೆಂದು ಮಾಡಿರಲಿಲ್ಲ. ತಾನು ಕಲಿತ ಉದಾಹರಣೆಯಲ್ಲಿ ಹಾಗಿತ್ತು, ಹಾಗೇ ಬರೆದಿದ್ದ.

ಕಮಿಟ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಕಮಿಟ್ ಮಾಡುವುದೆಂದರೆ ‘ಈ ಲೆಕ್ಕ ಇನ್ನು ಕರೆಂಟ್ ಹೋದರೂ ಅಳಿಯಬಾರದು’ ಎಂದು ಹೇಳುವುದು. ಡೇಟಾಬೇಸ್ ಆಗ ಅಕ್ಷರಗಳು ಡಿಸ್ಕ್ ಮೇಲೆ ನಿಜವಾಗಿ ಬೀಳುವವರೆಗೆ ಕಾಯುತ್ತದೆ. ನಿಮಿಷಕ್ಕೆ 7,200 ಸಲ ತಿರುಗುವ ಡಿಸ್ಕ್ ಒಂದು ಸುತ್ತು ಮುಗಿಸಲು ಸುಮಾರು 8.3 ಮಿಲಿಸೆಕೆಂಡ್ ಬೇಕು. ಎಸ್‌ಕ್ಯುಲೈಟ್ ಬರೆದವರೇ ತಮ್ಮ ದಾಖಲೆಯಲ್ಲಿ ಇದನ್ನು ವಿವರಿಸಿದ್ದಾರೆ. ಸಾಮಾನ್ಯ ಕಂಪ್ಯೂಟರ್‌ನಲ್ಲಿ ಸೆಕೆಂಡಿಗೆ 50,000 ಸಾಲು ಸೇರಿಸಬಹುದು, ಆದರೆ ಅಂಥ ಡಿಸ್ಕ್ ಮೇಲೆ ಸೆಕೆಂಡಿಗೆ ಸುಮಾರು 60 ಟ್ರಾನ್ಸಾಕ್ಷನ್ ಮಾತ್ರ ಎನ್ನುತ್ತಾರೆ. ನಮ್ಮ ಮಂಡಿಯಲ್ಲಿ ಲಾಟಿನ ಸಾಲಿಗೊಂದು, ಬಾಕ್ಸ್ ಲೆಕ್ಕಕ್ಕೊಂದು, ಮುಂಗಡದ ಲೆಕ್ಕಕ್ಕೊಂದು ಕಮಿಟ್. ಟೆಂಪೊದಿಂದ ಒಂದೊಂದು ಬಾಕ್ಸ್ ಇಳಿಸಿದಾಗಲೂ ಗೇಟಿಗೆ ಓಡಿ ಸಹಿ ಹಾಕಿಸಿಕೊಂಡು ಬಂದ ಹಾಗೆ. ಇದರ ಮೇಲೆ ಎಸ್‌ಕ್ಯುಲೈಟ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ಒಂದು ಕೌಂಟರ್ ಬರೆಯುತ್ತಿದ್ದರೆ ಇನ್ನೊಂದು ಕಾಯಬೇಕು. ಎರಡೂ ಕೌಂಟರ್ ನಡೆಯುವಾಗ ಯಾಕೆ ಅಷ್ಟು ನಿಧಾನ ಎಂಬ ಪ್ರಶ್ನೆಗೆ ಉತ್ತರ ಇಲ್ಲಿತ್ತು.

ಈಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದೆವು. ಮೊದಲು ಹುಡುಗನ ಗೋ ಪ್ರೋಗ್ರಾಮನ್ನು ಮಂಡಿಯ ಡೆಸ್ಕ್‌ಟಾಪ್‌ಗೆ ಹಾಕಿ, ಇಡೀ ಸೀಸನ್‌ನ ಡೇಟಾ ಕೊಟ್ಟೆವು. ಲ್ಯಾಪ್‌ಟಾಪ್‌ನಲ್ಲಿದ್ದ ಚುರುಕು ಅಲ್ಲೇ ಅರ್ಧ ಹೋಯಿತು. ಆಮೇಲೆ ಪೈಥಾನ್ ಪ್ರೋಗ್ರಾಮ್‌ನಲ್ಲಿ ಕಮಿಟ್ ಸಾಲನ್ನು ಲೂಪ್‌ನಿಂದ ಹೊರಗೆ ತಂದೆವು. ಬದಲಾದದ್ದು ಅಷ್ಟೇ, ಒಂದು ಸಾಲಿನ ಜಾಗ. ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಪಟ್ಟಿ ಕೊಟ್ಟವು. ಕೌಂಟರ್‌ನಲ್ಲಿ ಕೂತವರಿಗೆ ಯಾವುದು ಯಾವುದೆಂದು ಹೇಳಲು ಆಗಲಿಲ್ಲ.

ಇಷ್ಟಾದರೂ ಎರಡೂ ಪ್ರೋಗ್ರಾಮ್ ಇರಬೇಕಾದ್ದಕ್ಕಿಂತ ನಿಧಾನವೇ ಇದ್ದವು. ಯಾವ ಭಾಗಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಪ್ರೊಫೈಲರ್ ಹಾಕಿ ನೋಡಿದಾಗ ಎರಡನೇ ಕಾರಣ ಸಿಕ್ಕಿತು. ರೈತರ ಮುಂಗಡ ಬಾಕಿ ತಿಳಿಯಲು ಪ್ರತಿ ಪಟ್ಟಿಗೂ ಸೀಸನ್‌ನ ಇಡೀ ಲೆಡ್ಜರ್ ಓದುತ್ತಿತ್ತು. ಬೇಕಾದ ಸಾಲನ್ನು ನೇರವಾಗಿ ಹುಡುಕಿಕೊಡುವ ಇಂಡೆಕ್ಸ್ ಆ ಕಾಲಂ ಮೇಲೆ ಇರಲಿಲ್ಲ. ಸೀಸನ್ ಶುರುವಿನಲ್ಲಿ ಲೆಡ್ಜರ್ ಚಿಕ್ಕದು, ಯಾರಿಗೂ ಗೊತ್ತಾಗಲಿಲ್ಲ. ಹಣ್ಣು ಬಂದಂತೆ ಲೆಡ್ಜರ್ ಬೆಳೆಯಿತು, ಪ್ರತಿ ಪಟ್ಟಿಯೂ ಹಿಂದಿನದಕ್ಕಿಂತ ಸ್ವಲ್ಪ ತಡ. ಇಂಡೆಕ್ಸ್ ಹಾಕಿದ ಮೇಲೆ ಅದೂ ಹೋಯಿತು. ಹುಡುಗನ ಖಾಲಿ ಡೇಟಾಬೇಸ್‌ನಲ್ಲಿ ಈ ತೊಂದರೆ ಕಾಣಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಯಾರೋ ಒಬ್ಬರು ಡಿಸ್ಕ್‌ಗೆ ಕಾಯುವುದನ್ನೇ ಆಫ್ ಮಾಡುವ ಸೆಟ್ಟಿಂಗ್ ಇದೆ, ಅದನ್ನು ಹಾಕಿ ಎಂದರು. ನಾನು ಬೇಡವೇ ಬೇಡ ಎಂದೆ. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ಜಾಗದಲ್ಲಿ, ಬೇರೆಯವರ ದುಡ್ಡಿನ ಲೆಕ್ಕದ ಮೇಲೆ ಅಂಥ ವೇಗ ಕೊಳ್ಳಬಾರದು. ಓದುವವರು ಬರೆಯುವವರಿಗೆ ಅಡ್ಡ ಬರದಂತೆ ವಾಲ್ ಎಂಬ ವಿಧಾನ ಎಸ್‌ಕ್ಯುಲೈಟ್‌ನಲ್ಲಿ 2010ರಿಂದ ಇದೆ. ಅದನ್ನು ಹಾಕಿಕೊಂಡೆವು.

ಮಾಲೀಕರಿಗೆ ವಿವರಿಸಬೇಕಿತ್ತು. 25 ಪಟ್ಟು ಎಂದು ಕೇಳಿದವರಿಗೆ ಭಾಷೆ ಬದಲಿಸುವುದಿಲ್ಲ ಎಂದು ಸುಮ್ನೆ ಹೇಳಲಾಗದು. ಹೀಗೆ ಲೆಕ್ಕ ಹಾಕಿ ತೋರಿಸಿದೆ. ಒಂದು ಪಟ್ಟಿಗೆ 10 ಸೆಕೆಂಡ್ ಎಂದಿಟ್ಟುಕೊಳ್ಳಿ. ಅದರಲ್ಲಿ 9 ಸೆಕೆಂಡ್ ಡಿಸ್ಕ್‌ಗೆ ಕಾಯುವುದು, 1 ಸೆಕೆಂಡ್ ಮಾತ್ರ ಪೈಥಾನ್ ಲೆಕ್ಕ ಹಾಕುವುದು. ಆ 1 ಸೆಕೆಂಡನ್ನು 25 ಪಟ್ಟು ವೇಗ ಮಾಡಿದರೂ ಉಳಿಯುವುದು 9.04 ಸೆಕೆಂಡ್. ಸಾವಿರ ಪಟ್ಟು ಮಾಡಿದರೂ 9ಕ್ಕಿಂತ ಕೆಳಗೆ ಇಳಿಯದು. ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ ಮಾತು ಇದು, ಇಂದಿಗೂ ಅವರ ಹೆಸರಿನ ನಿಯಮವೆಂದೇ ಕರೆಯುತ್ತಾರೆ. ಮಾಲೀಕರಿಗೆ ಇದು ತಕ್ಷಣ ಅರ್ಥವಾಯಿತು. ದಿನವೂ ಕಮಿಷನ್, ಕೂಲಿ, ಬಾಡಿಗೆ ಬೇರೆ ಬೇರೆ ಲೆಕ್ಕ ಹಾಕುವವರಿಗೆ ಯಾವ ಖರ್ಚು ದೊಡ್ಡದು ಎಂದು ಮೊದಲು ನೋಡಬೇಕೆಂದು ಯಾರೂ ಕಲಿಸಬೇಕಿಲ್ಲ.

ಹೆಸರುಗಳ ಜಗಳ

ಪ್ರಕರಣ ಇಲ್ಲಿಗೇ ನಿಂತಿದ್ದರೆ ಹಿರಿಯರ ಮಾತೇ ಗೆದ್ದಂತಾಗುತ್ತಿತ್ತು. ಬೆಂಚ್‌ಮಾರ್ಕ್‌ನಿಂದ ಪ್ರಯೋಜನವಿಲ್ಲ ಎಂದು. ಅದೂ ಸರಿಯಲ್ಲ ಎಂದು ತೋರಿಸಿದ್ದು ಹೆಸರುಗಳು.

ಮಂಡಿಯಲ್ಲಿ ಒಬ್ಬರೇ ರೈತರು ಹಲವು ಹೆಸರಲ್ಲಿ ಇರುತ್ತಾರೆ. ಒಬ್ಬ ಗುಮಾಸ್ತರು ‘ಮುನಿಯಪ್ಪ’ ಎಂದು ಹಾಕುತ್ತಾರೆ, ಇನ್ನೊಬ್ಬರು ‘ಮುನಿಯಪ’, ಮತ್ತೊಬ್ಬರು ‘ಎಂ. ಮುನಿಯಪ್ಪ’. ವೆಂಕಟೇಶಪ್ಪ, ವೆಂಕಟೇಶ್, ವೆಂಕಟೇಶಪ ಮೂರೂ ಒಬ್ಬರೇ ಇರಬಹುದು, ಮೂವರೂ ಇರಬಹುದು. ಮುಂಗಡ ಒಂದು ಹೆಸರಲ್ಲಿ, ಹಣ್ಣು ಇನ್ನೊಂದು ಹೆಸರಲ್ಲಿ ಬಂದರೆ ಸೀಸನ್ ಕೊನೆಗೆ ಜಗಳವೇ. ಹಾಗಾಗಿ ಹತ್ತಿರದ ಹೆಸರುಗಳನ್ನು ಹುಡುಕಿ ಜೋಡಿಸುವ ಒಂದು ಕೆಲಸ ಸಾಫ್ಟ್‌ವೇರ್‌ನಲ್ಲಿತ್ತು. ಎರಡು ಹೆಸರಿನ ನಡುವೆ ಎಷ್ಟು ಅಕ್ಷರ ಬದಲಿಸಬೇಕು ಎಂದು ಎಣಿಸುವ, ಲೆವೆನ್‌ಷ್ಟೈನ್ 1965ರಲ್ಲಿ ಕೊಟ್ಟ ವಿಧಾನ. ಅದನ್ನು ಹಿರಿಯರೇ ಪೈಥಾನ್‌ನಲ್ಲಿ ಲೂಪ್ ಹಾಕಿ ಬರೆದಿದ್ದರು. ಪ್ರತಿ ಹೆಸರನ್ನೂ ಉಳಿದ ಎಲ್ಲ ಹೆಸರಿನ ಜತೆ ಹೋಲಿಸುತ್ತಿತ್ತು. ರಾತ್ರಿ ಶುರು ಮಾಡಿದರೆ ಬೆಳಗ್ಗೆ ಗೇಟ್ ತೆಗೆಯುವ ಹೊತ್ತಿಗೂ ಮುಗಿಯುತ್ತಿರಲಿಲ್ಲ.

10,000 ಹೆಸರಿದ್ದರೆ ಜೋಡಿಗಳು ಎಷ್ಟು? 4,99,95,000. ಹತ್ತಿರ ಹತ್ತಿರ 5 ಕೋಟಿ. ಪ್ರತಿ ಜೋಡಿಗೂ ಒಂದು ಸಣ್ಣ ಕೋಷ್ಟಕ ತುಂಬಬೇಕು. ಡಿಸ್ಕ್ ಇಲ್ಲ, ಪ್ರಿಂಟರ್ ಇಲ್ಲ, ಬರೀ ಲೂಪ್, ಬರೀ ಕೂಡುವುದು ಮತ್ತು ಹೋಲಿಸುವುದು. ಗ್ರಹಗಳ ಲೆಕ್ಕ ಯಾವ ಜಾತಿಯ ಕೆಲಸವೋ ಇದೂ ಅದೇ ಜಾತಿ. ಟೇಬಲ್ ನಿಜವಾಗಿ ಮಾತಾಡುವುದು ಇಂಥ ಕೆಲಸದ ಬಗ್ಗೆ. ಇದನ್ನು ಗೋನಲ್ಲಿ ಬರೆದು ನೋಡು ಎಂದು ನಾನೇ ಹುಡುಗನಿಗೆ ಹೇಳಿದೆ.

ಬರೆದ. ಗೋ ಮುಂದಿತ್ತು, ಆದರೆ ಟೇಬಲ್ ಹೇಳಿದ 25 ಪಟ್ಟಿನ ಹತ್ತಿರಕ್ಕೂ ಹೋಗಲಿಲ್ಲ. ಹಿರಿಯರು, “ನೋಡು, ನಾನು ಹೇಳಿರ್ಲಿಲ್ವಾ” ಎಂದರು.

ಆಗ ಎರಡೂ ಪ್ರೋಗ್ರಾಮ್ ಕೊಟ್ಟ ಉತ್ತರಗಳನ್ನು ಪಕ್ಕಪಕ್ಕ ಇಟ್ಟೆವು. ಉತ್ತರಗಳೇ ಬೇರೆ ಬೇರೆ! ಪೈಥಾನ್ ಹತ್ತಿರದ ಹೆಸರು ಎಂದದ್ದನ್ನು ಗೋ ದೂರ ಎನ್ನುತ್ತಿತ್ತು. ಕಾರಣ ಯೂನಿಕೋಡ್‌ನಲ್ಲಿತ್ತು, ಅಂದರೆ ಕಂಪ್ಯೂಟರ್‌ನಲ್ಲಿ ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ವ್ಯವಸ್ಥೆಯಲ್ಲಿ. ‘ಮುನಿಯಪ್ಪ’ ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಎಂಟು ಸಂಕೇತ, ಯಾಕೆಂದರೆ ಕೊಂಬು, ಗುಡಿಸು, ಒತ್ತಕ್ಷರದ ಅರ್ಧ ಎಲ್ಲಕ್ಕೂ ಬೇರೆ ಸಂಕೇತವಿದೆ. ಆ ಸಂಕೇತಗಳನ್ನು ಯುಟಿಎಫ್-8 ಎಂಬ ರೂಪದಲ್ಲಿ ಉಳಿಸಿದಾಗ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್, ಒಟ್ಟು 24 ಬೈಟ್. ಪೈಥಾನ್‌ನಲ್ಲಿ ಪದದ ಉದ್ದ ಕೇಳಿದರೆ 8 ಎನ್ನುತ್ತದೆ. ಗೋನಲ್ಲಿ ಕೇಳಿದರೆ 24, ಅದು ಬೈಟ್ ಎಣಿಸುತ್ತದೆ. ಹುಡುಗ ಬೈಟ್‌ಗಳನ್ನೇ ಹೋಲಿಸಿದ್ದ. ಪೈಥಾನ್ 8 ಗುಣಿಸು 8, ಅಂದರೆ 64 ಮನೆಯ ಕೋಷ್ಟಕ ತುಂಬುತ್ತಿದ್ದರೆ ಗೋ 576 ಮನೆ ತುಂಬುತ್ತಿತ್ತು. ಒಂಬತ್ತು ಪಟ್ಟು ಜಾಸ್ತಿ ಕೆಲಸ, ಅದೂ ತಪ್ಪು ಉತ್ತರಕ್ಕೆ. ‘ಮುನಿಯಪ’ಕ್ಕೂ ‘ಮುನಿಯಪ್ಪ’ಕ್ಕೂ ಪೈಥಾನ್ ಲೆಕ್ಕದಲ್ಲಿ ಅಂತರ 2, ಗೋ ಲೆಕ್ಕದಲ್ಲಿ 6.

ಇಂಗ್ಲಿಷ್ ಹೆಸರುಗಳಲ್ಲಿ ಪರೀಕ್ಷೆ ಮಾಡಿದ್ದರೆ ಇದು ಎಂದೂ ಹೊರಗೆ ಬರುತ್ತಿರಲಿಲ್ಲ. ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್. ಕನ್ನಡದಲ್ಲಿ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಕನ್ನಡದ ಡೇಟಾ ಮೇಲೆಯೇ ಬೆಂಚ್‌ಮಾರ್ಕ್ ಮಾಡಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಪಾಠದ ಪುಸ್ತಕದಲ್ಲಿ, ಸಿಕ್ಕ ಉದಾಹರಣೆಗಳಲ್ಲಿ ಎಲ್ಲ ಇಂಗ್ಲಿಷ್ ಹೆಸರುಗಳೇ. ನಮ್ಮ ಹುಡುಗರು ಅದನ್ನೇ ಅಳೆದು ಬಿಟ್ಟುಬಿಡುತ್ತಾರೆ.

ಬೈಟ್ ಬದಲು ಸಂಕೇತಗಳನ್ನೇ ಹೋಲಿಸುವಂತೆ ಗೋ ಪ್ರೋಗ್ರಾಮ್ ತಿದ್ದಿದ. ಉತ್ತರಗಳು ಒಂದಕ್ಕೊಂದು ತಾಳೆಯಾದವು. ಆಗ ಅಳೆದರೆ ಗೋ ಹತ್ತಾರು ಪಟ್ಟು ಮುಂದೆ. ಟೇಬಲ್ ಯಾವ ಮಟ್ಟದ ಅಂತರ ಇರಬಹುದು ಎಂದಿತ್ತೋ ಅದೇ ಮಟ್ಟ. ಹಿರಿಯರು ಆ ಅಂಕಿಯನ್ನು ತುಂಬ ಹೊತ್ತು ನೋಡಿದರು. “ಸರಿ, ಈ ಕೆಲಸಕ್ಕೆ ನೀನು ಹೇಳಿದ್ದು ಸರಿ ಕಣೋ” ಎಂದರು.

ಆದರೆ ಅಲ್ಲಿಗೂ ಪ್ರಶ್ನೆ ಮುಗಿಯಲಿಲ್ಲ. ಹತ್ತಾರು ಪಟ್ಟು ವೇಗ ಬೇಕು ನಿಜ, ಅದಕ್ಕೆ ಗೋ ಒಂದೇ ದಾರಿಯಾ? ಪೈಥಾನ್‌ನಲ್ಲೇ ರಾಪಿಡ್‌ಫಜ್ ಎಂಬ ಲೈಬ್ರರಿ ಇದೆ. ಇದೇ ಹೋಲಿಕೆಯನ್ನು ಒಳಗೆ ಸಿ++ನಲ್ಲಿ ಮಾಡುತ್ತದೆ. π ಲೆಕ್ಕದಲ್ಲಿ ಪೈಥಾನ್ ಹೇಗೆ ಸಿ ಹತ್ತಿರ ಬಂದಿತ್ತೋ ಅದೇ ಉಪಾಯ. ಹಾಕಿ ನೋಡಿದರೆ ಹುಡುಗನ ಗೋ ಪ್ರೋಗ್ರಾಮ್‌ಗಿಂತ ಅದೇ ಚುರುಕು. ವರ್ಷಗಟ್ಟಲೆ ಇದೇ ಕೆಲಸಕ್ಕೆ ತಲೆ ಕೆಡಿಸಿಕೊಂಡವರು ಬರೆದದ್ದು, ಅದರಲ್ಲಿ ಆಶ್ಚರ್ಯವಿಲ್ಲ.

ಮಂಡಿಯ ಗುಮಾಸ್ತರೊಬ್ಬರು ಹೇಳಿದ ಮಾತು ಎಲ್ಲಕ್ಕಿಂತ ಹೆಚ್ಚು ವೇಗ ತಂದಿತು. ವೇಮಗಲ್ ಕಡೆಯ ಮುನಿಯಪ್ಪನನ್ನು ಮುಳಬಾಗಿಲಿನ ಮುನಿಯಪ್ಪನ ಜತೆ ಯಾಕೆ ಹೋಲಿಸಬೇಕು ಎಂದು ಅವರು ಕೇಳಿದರು. ಊರಿನ ಹೆಸರನ್ನು ಟೈಪ್ ಮಾಡದೆ ಮೊದಲೇ ಇರುವ ಹೆಸರುಗಳಲ್ಲಿ ಹೇಗೂ ಆರಿಸಬೇಕು, ಅದರಲ್ಲಿ ಕಾಗುಣಿತದ ತಪ್ಪು ಬರುವುದಿಲ್ಲ. 10,000 ಹೆಸರು ನೂರು ಊರಿನಲ್ಲಿ ಸಮನಾಗಿ ಹಂಚಿದ್ದರೆ ಊರಿಗೆ ನೂರು ಹೆಸರು, ಊರಿಗೆ 4,950 ಜೋಡಿ, ಒಟ್ಟು 4,95,000. ಕೆಲಸ ನೂರರಲ್ಲಿ ಒಂದು ಪಾಲಿಗೆ ಇಳಿಯಿತು. ಯಾವ ಭಾಷೆಯಲ್ಲಿ ಬರೆದರೂ.

ಎರಡು ಊರಲ್ಲಿ ಜಮೀನಿರುವ ರೈತರು ಇದರಲ್ಲಿ ತಪ್ಪಿಹೋಗುತ್ತಾರೆ. ಅಂಥವರು ಕಡಿಮೆಯೇನಿಲ್ಲ. ಹಾಗಾಗಿ ದಿನವೂ ಊರಿನ ಒಳಗೆ ಮಾತ್ರ ಹೋಲಿಸುವುದು, ಸೀಸನ್ ಕೊನೆಗೆ ಒಮ್ಮೆ ಎಲ್ಲವನ್ನೂ ಎಲ್ಲದರ ಜತೆ ಹೋಲಿಸುವುದು ಎಂದು ತೀರ್ಮಾನವಾಯಿತು. ಆ ಒಂದು ಪೂರ್ತಿ ಹೋಲಿಕೆಗೆ ಕಂಪೈಲ್ ಆದ ಲೈಬ್ರರಿ ಇಲ್ಲದಿದ್ದರೆ ಆಗುತ್ತಿರಲಿಲ್ಲ.

ಈಗ ಹೇಗಿದೆ

ಸಾಫ್ಟ್‌ವೇರ್ ಪೈಥಾನ್‌ನಲ್ಲೇ ಉಳಿಯಿತು. ಆವೃತ್ತಿ ಹೊಸದಾಯಿತು. ಹುಡುಗನಿಗೆ ಸ್ವಲ್ಪ ಬೇಸರವಿತ್ತು, ಅದು ಸಹಜ. ಆದರೆ ಅವನ ಗೋ ಪ್ರೋಗ್ರಾಮ್ ವ್ಯರ್ಥವಾಗಲಿಲ್ಲ. ಟ್ರಾನ್ಸಾಕ್ಷನ್ ತಪ್ಪು ಬೆಳಕಿಗೆ ಬಂದದ್ದು ಅದನ್ನು ಪಕ್ಕದಲ್ಲಿಟ್ಟು ನೋಡಿದ್ದಕ್ಕೇ. ಅದಿಲ್ಲದಿದ್ದರೆ ಎಲ್ಲರೂ ಪೈಥಾನನ್ನೇ ಬೈಯುತ್ತಿದ್ದರು.

ಅವರು ಉಳಿಸಿಕೊಂಡ ಒಂದು ಅಭ್ಯಾಸ ನನಗೆ ತುಂಬ ಮೆಚ್ಚಿಗೆ. ಸೀಸನ್‌ನ ಅತಿ ಹೆಚ್ಚು ಗಲಾಟೆಯ ದಿನದ ಎಲ್ಲ ನಮೂದುಗಳನ್ನು, ಹೆಸರು ಫೋನ್ ನಂಬರ್ ಬದಲಿಸಿ, ಒಂದು ಫೈಲ್‌ನಲ್ಲಿ ಇಟ್ಟಿದ್ದಾರೆ. ಪ್ರೋಗ್ರಾಮ್‌ನಲ್ಲಿ ಏನೇ ಬದಲಿಸಲಿ, ಆ ದಿನವನ್ನು ಎರಡು ಕೌಂಟರ್ ಒಟ್ಟಿಗೆ ನಡೆದಂತೆ ಮತ್ತೆ ಓಡಿಸುತ್ತಾರೆ. ಮಂಡಿಯ ಅದೇ ಡೆಸ್ಕ್‌ಟಾಪ್ ಮೇಲೆ, ಹಲವು ಸಲ. ಮೊದಲು ಉತ್ತರ ಸರಿಯಿದೆಯಾ ಎಂದು ನೋಡುತ್ತಾರೆ, ಆಮೇಲೆ ಸಮಯ. ಸರಾಸರಿ ನೋಡುವುದಿಲ್ಲ. ಅತಿ ತಡವಾದ ಪಟ್ಟಿಗಳು ಎಷ್ಟು ತಡ ಎಂದು ನೋಡುತ್ತಾರೆ. ಸಾಲಿನಲ್ಲಿ ನಿಂತವರಿಗೆ ಸರಾಸರಿಯಿಂದ ಏನೂ ಆಗಬೇಕಿಲ್ಲ.

ಹಲವು ಸಲ ಎಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ. 2009ರಲ್ಲಿ ಮೈಟ್ಕೊವಿಚ್ ಮತ್ತು ಸಂಗಡಿಗರು ಒಂದು ವಿಚಿತ್ರ ತೋರಿಸಿದರು. ಪ್ರೋಗ್ರಾಮ್ ಅದೇ, ಯಂತ್ರ ಅದೇ. ಪ್ರೋಗ್ರಾಮ್ ಶುರುವಾಗುವಾಗ ಸಿಸ್ಟಂ ಅದಕ್ಕೆ ಕೊಡುವ ಹೊರಗಿನ ಸೆಟ್ಟಿಂಗ್‌ಗಳ ಒಟ್ಟು ಗಾತ್ರ ಬದಲಾದರೆ ಸಾಕು, ವೇಗ ಬದಲಾಗುತ್ತದೆ. ಮೆಮೊರಿಯಲ್ಲಿ ಎಲ್ಲ ಸ್ವಲ್ಪ ಅತ್ತಿತ್ತ ಸರಿಯುವುದರಿಂದ. ಬಳಕೆದಾರರ ಹೆಸರು ಉದ್ದವಾದರೂ ಆ ಗಾತ್ರ ಬದಲಾಗುತ್ತದೆ. ಹಾಗಿರುವಾಗ ಒಂದೇ ಸಲ ಓಡಿಸಿ ಐದು ಪರ್ಸೆಂಟ್ ವೇಗವಾಯಿತು ಎಂದರೆ ನಂಬುವುದು ಕಷ್ಟ.

ಈಗ ಪಟ್ಟಿಯಲ್ಲಿ ಅತಿ ನಿಧಾನದ ಭಾಗ ಪ್ರಿಂಟರ್. ಆ ಮಂಡಿಯ ಪ್ರಿಂಟರ್‌ಗೆ ಕನ್ನಡ ಅಕ್ಷರ ಗೊತ್ತಿಲ್ಲ, ಪಟ್ಟಿಯನ್ನು ಚಿತ್ರವಾಗಿ ಮಾಡಿ ಕಳಿಸಬೇಕು. ಕಾಗದ ಹೊರಗೆ ಬರುವ ವೇಗ ಯಾವ ಭಾಷೆಯ ಕೈಯಲ್ಲೂ ಇಲ್ಲ. ಎರಡನೇ ಪ್ರಿಂಟರ್ ತರಿಸಲು ಮಾಲೀಕರು ಒಪ್ಪಿದ್ದಾರೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು ಮುಂದಿನ ಸೀಸನ್‌ಗೆ ಮೊದಲು ಆಗಬೇಕಾದ ಕೆಲಸ. ಹಣ್ಣಿನ ಫೋಟೊ ನೋಡಿ ಗ್ರೇಡ್ ಮಾಡುವ ಸಾಫ್ಟ್‌ವೇರ್ ಬೇಕೆಂದೂ ಮಾಲೀಕರು ಕೇಳಿದ್ದಾರೆ. ಅದಕ್ಕೆ ಯಾವ ಭಾಷೆ ಎಂದು ಹುಡುಗನನ್ನು ಕೇಳಿದೆ. ಮಂಡಿಯ ಬೆಳಕಿನಲ್ಲಿ ತೆಗೆದ ಫೋಟೊಗಳು ಮೊದಲು ಬೇಕು, ಅವುಗಳ ಮೇಲೆ ಯಾವ ಭಾಗಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದು ಹೇಳುತ್ತೇನೆ ಎಂದ.